ಜಡ್ಜ್ ಮಾಮನ ಮಾನಹಾನಿ

ಕೊಲೆ ಕೇಸು ನಡೆಸುವ ನ್ಯಾಯಾಧೀಶರ ಮುಂದೆ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಗಂಡ ಹೆಂಡಿರ ಜಗಳ ತೀರ್ಮಾನಿಸುವವನ ಮುಂದೆ ಯಾರಿಗೂ ಅಂಥ ಭಯವಿಲ್ಲ. ಅವನನ್ನು ಸೋದರಮಾವನ ಹಾಗೆ ನೋಡುತ್ತಾರೆ. ಹಾಗಾಗಿ ಮದುವೆಮನೆಯಲ್ಲಿ ಸೋದರಮಾವನಿಗೆ ಆಗುವ ಫಜೀತಿಯೆಲ್ಲ ಕೋರ್ಟಿನಲ್ಲಿ ಅವನಿಗೂ ಆಗುತ್ತಲೇ ಇರುತ್ತದೆ.

ನಾನು ತುಮಕೂರು ಕಡೆಯವನು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸುತ್ತಿನ ಸಂಸಾರದ ಕೇಸುಗಳನ್ನೂ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗರ ಕೇಸುಗಳನ್ನೂ ಹಲವು ವರ್ಷ ನೋಡಿದೆ. ಈಗ ನಿವೃತ್ತ. ಬರೆದ ತೀರ್ಪುಗಳು ಒಂದೂ ಸರಿಯಾಗಿ ನೆನಪಿಲ್ಲ. ಮುಖ ಎಲ್ಲಿಡಲಿ ಅನ್ನಿಸಿದ ಗಳಿಗೆಗಳು ಮಾತ್ರ ಒಂದೂ ಮರೆತಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಯಾವುದೋ ಒಂದು ನೆನಪಾಗಿ, ಬಾಯಲ್ಲಿ ಬ್ರಷ್ ಇಟ್ಟುಕೊಂಡೇ “ಛೇ!” ಅಂದುಬಿಡುತ್ತೇನೆ. ಅಡುಗೆಮನೆಯಿಂದ ನನ್ನ ಹೆಂಡತಿ ಕೇಳುತ್ತಾಳೆ: “ಇವತ್ತು ಯಾವುದು?”

ಇತ್ತ್

ಆ ಕಡೆಗೆ ವರ್ಗವಾಗಿ ಬಂದ ಹೊಸತು. ನಾವುಂದದ ಒಂದು ಜೋಡಿ ಕೋರ್ಟಿಗೆ ಬಂದಿತ್ತು. ಗಂಡ ಮೀನಿನ ಬೋಟಿನಲ್ಲಿ ಕೆಲಸ ಮಾಡುವವನು. ಒಮ್ಮೆ ಅವನು ಸಮುದ್ರದಿಂದ ವಾಪಸು ಬರುವಷ್ಟರಲ್ಲಿ ಹೆಂಡತಿ ಯಾವುದೋ ಸಿಟ್ಟಿಗೆ ಮನೆಗೆ ಬೀಗ ಜಡಿದು, ಬೀಗದ ಕೈಯನ್ನೂ ಸೆರಗಿಗೆ ಕಟ್ಟಿಕೊಂಡು ತವರಿಗೆ ಹೋಗಿದ್ದಳು. ಕೈಯಲ್ಲಿ ಮೀನಿನ ಚೀಲ ಹಿಡಿದುಕೊಂಡು ಅವನು ತನ್ನದೇ ಮನೆಯ ಜಗಲಿಯಲ್ಲಿ ಭಿಕ್ಷುಕನ ಹಾಗೆ ಕೂತದ್ದನ್ನು ಕೇರಿಯವರೆಲ್ಲ ನೋಡಿದರು. ಬೆಕ್ಕುಗಳೂ ಬಂದು ಸುತ್ತ ಕೂತವಂತೆ. ಆ ಅವಮಾನ ತಾಳಲಾರದೆ ಅವನು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದ.

ಹೆಂಡತಿ ಸಾಕ್ಷಿ ಕಟಕಟೆಯಲ್ಲಿ ನಿಂತಳು. ನಾನು ಮೃದುವಾಗಿ ಕೇಳಿದೆ. “ನಿನ್ನ ಗಂಡನ ಮೇಲೆ ಪ್ರೀತಿ ಇದೆಯೇನಮ್ಮ?”

“ಇತ್ತ್,” ಅಂದಳು ತಲೆ ತಗ್ಗಿಸಿ.

ನನಗೆ ಬೇಸರವಾಯಿತು. “ಅವನ ಜೊತೆ ಬಾಳೋ ಮನಸ್ಸು?”

“ಅದೂ ಇತ್ತ್.”

“ಅಂದರೆ ಈಗ?”

“ಈಗ್ಳೂ ಇತ್ತ್.”

ಈಗಲೂ ‘ಇತ್ತು’ ಅನ್ನುವುದು ನನ್ನ ಕಿವಿಗೆ ಬಹಳ ದಾರುಣವಾಗಿ ಕೇಳಿಸಿತು. ಪಾಪ, ಹುಡುಗಿ ಹಳೆಯದನ್ನೇ ನೆನೆಯುತ್ತಿದ್ದಾಳೆ ಅಂದುಕೊಂಡೆ. ಟೈಪಿಸ್ಟಿಗೆ ಬರೆಸಿದೆ: “ಗಂಡನ ಮೇಲೆ ಒಂದು ಕಾಲದಲ್ಲಿ ಪ್ರೀತಿ ಇತ್ತು, ಈಗ ಉಳಿದಿಲ್ಲ ಎಂದು ಸಾಕ್ಷಿ ನುಡಿದಿರುತ್ತಾಳೆ.” ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. “ನೋಡಮ್ಮ, ಇತ್ತು ಇತ್ತು ಅಂತ ಎಷ್ಟು ದಿನ ಬದುಕೋಕಾಗುತ್ತೆ? ಕಳೆದುಹೋದದ್ದನ್ನ ಬಿಟ್ಟುಬಿಡಬೇಕು. ಮನುಷ್ಯ ಮುಂದೆ ನೋಡಬೇಕು,” ಎಂದು ಶುರು ಮಾಡಿದೆ. ಆ ಹುಡುಗಿ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತಳು. ಆಮೇಲೆ ಗೊಳೋ ಅಂದಳು.

ಅಷ್ಟರಲ್ಲಿ ಗಂಡ ಎದ್ದು ನಿಂತ. “ಹ್ವಾಯ್ ಸ್ವಾಮಿ! ನನ್ ಹೆಂಡ್ತಿ ಇತ್ತ್ ಅಂತ್, ನೀವ್ ಎಂತಕ್ ಬಿಡ್ ಅಂತ್ರಿ?”

“ಇತ್ತು ಅಂದಳು. ನಾನೂ ಇತ್ತು ಅಂತಲೇ ಬರೆಸಿದ್ದೀನಪ್ಪ.”

“ನೀವ್ ಇಲ್ಲೆ ಅಂದೇಳಿ ಬರ್ಸದ್ರಿ! ನಂಗೆ ಕಿವಿ ಕೇಂತ್ ಅಲ್ದಾ? ಅದಕ್ ನನ್ ಮೇಲೆ ಪ್ರೀತಿ ಇತ್ತ್ ಅಂಬ್ರೆ, ನಂಗೂ ಇತ್ತ್. ನಡುಗೆ ನಿಮ್ದೆಂತ?”

ಅರ್ಜಿ ಹಾಕಿದವನೇ ಹೀಗಂದಾಗ ಇಡೀ ಕೋರ್ಟು ಹೋ ಎಂದು ನಕ್ಕಿತು. ಅವಳ ವಕೀಲರು ಎದ್ದು, ಸಂಕೋಚದಿಂದ, ಈ ಕಡೆ ‘ಇದೆ’ ಅನ್ನುವುದಕ್ಕೇ ‘ಇತ್ತ್’ ಅನ್ನುತ್ತಾರೆಂದು ತಿಳಿಸಿದರು. ಪ್ರೀತಿಯನ್ನು ನಾನು ಭೂತಕಾಲಕ್ಕೆ ಕಳಿಸಿ, ಅದರ ತಿಥಿ ಊಟವನ್ನೂ ಬಡಿಸಿಬಿಟ್ಟಿದ್ದೆ. ಕನ್ನಡ ಮಾಧ್ಯಮದಲ್ಲಿ ಓದಿದವನು ನಾನು. ಟೈಪಿಸ್ಟಿಗೆ “ಹೊಡೆದುಹಾಕಿ” ಅಂದೆ, ಅವರ ಮುಖ ನೋಡುವ ಧೈರ್ಯವಿಲ್ಲದೆ ಫ್ಯಾನು ನೋಡುತ್ತ.

ಗಂಡ ಹೆಂಡತಿ ಅರ್ಜಿ ವಾಪಸು ತೆಗೆದುಕೊಂಡು ಒಟ್ಟಿಗೇ ಹೊರಟರು. ಬಾಗಿಲು ದಾಟುವಾಗ ಅವಳು ವಕೀಲರನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. “ಈ ಜಡ್ಜ್ರಿಗೆ ಕನ್ನಡ ಅಭ್ಯಾಸ ಇಲ್ಯಾ?”

ವಕೀಲರು ಅವಳನ್ನು ಹೊರಗೆ ದೂಡುತ್ತ, “ಶ್! ಇತ್ತ್, ಇತ್ತ್,” ಅಂದರು.

ಅದು ಯಾವ ಕಾಲದ ‘ಇತ್ತ್’ ಅಂತ ನಾನು ಕೇಳಲು ಹೋಗಲಿಲ್ಲ.

ಅಳುವ ಉಪಾಯ

ಹುಡುಗರ ಕೇಸು ವಿಚಾರಣೆ ಮಾಡುವಾಗ ನ್ಯಾಯಾಧೀಶ ಕಪ್ಪು ಕೋಟು ಹಾಕುವಂತಿಲ್ಲ, ಎತ್ತರದ ಪೀಠದ ಮೇಲೆ ಕೂರುವಂತಿಲ್ಲ. ಮಕ್ಕಳು ಹೆದರಬಾರದು ನೋಡಿ. ಹಾಗಾಗಿ ಆ ದಿನಗಳಲ್ಲಿ ನಾನು ಸಾದಾ ಅಂಗಿ ಪ್ಯಾಂಟಿನಲ್ಲಿ ಹೋಗುತ್ತಿದ್ದೆ. ಒಂದು ದಿನ ಕೋಣೆಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಎಲೆಯಡಿಕೆ ಚೀಲ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಆಚೆ ತುದಿಯಲ್ಲಿ ಚಿಗುರು ಮೀಸೆಯ ಮೊಮ್ಮಗ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರು ಬಿಟ್ಟಳು. “ನಿಮ್ ಹೈದ ಎಂತ ಮಾಡದ್?”

ನಾನು ಅಲ್ಲಿಯೇ ‘ಅಜ್ಜಿ, ನಾನೇ ಜಡ್ಜ್’ ಅನ್ನಬೇಕಿತ್ತು. ಅನ್ನಲಿಲ್ಲ. ಹುಡುಗನ ಮನೆಯವರ ಕಷ್ಟ ಸಹಜವಾಗಿ ತಿಳಿಯುತ್ತದಲ್ಲ ಎಂಬ ಆಸೆ. “ಅವನು ಹಾಸ್ಟೆಲಿನಲ್ಲಿದ್ದಾನೆ ಅಜ್ಜಿ,” ಅಂದೆ. ಸುಳ್ಳಲ್ಲ, ನನ್ನ ಮಗ ಓದಲು ಹಾಸ್ಟೆಲಿನಲ್ಲೇ ಇದ್ದ.

“ಅಯ್ಯೋ ದೇವ್ರೆ, ಆಗ್ಳೇ ಒಳಗ್ ಹಾಕದ್ರಾ!” ಎಂದು ಅಜ್ಜಿ ನನ್ನ ಮಂಡಿ ತಟ್ಟಿ ಸಮಾಧಾನ ಮಾಡಿದಳು. ಆಮೇಲೆ ತನ್ನ ಕಥೆ ಹೇಳಿದಳು. ಅವರು ಸಿದ್ದಾಪುರದ ಒಳಗಿನವರು. ಹುಡುಗ ಪಕ್ಕದ ಮನೆಯವರ ಬೈಕನ್ನು ಕೇಳದೆ ತೆಗೆದುಕೊಂಡು ಸ್ನೇಹಿತರ ಜೊತೆ ಸಮುದ್ರ ನೋಡಲು ಹೋಗಿದ್ದ. ಬೈಕನ್ನು ಮರಳಿನ ಮೇಲೆ ಓಡಿಸಿ, ತೆರೆ ಬಂದು ಅರ್ಧ ಬೈಕು ಹೂತುಹೋಗಿ, ಊರವರು ಹಗ್ಗ ಹಾಕಿ ಎಳೆದಿದ್ದರು. ಪರೀಕ್ಷೆ ಹತ್ತಿರ ಬಂದಿದೆ, ಹುಡುಗ ಅನ್ನ ಮುಟ್ಟುತ್ತಿಲ್ಲ, ಒಳಗೆ ಹಾಕಿದರೆ ಅವನ ಬದುಕೇ ಹಾಳು.

“ಜಡ್ಜ್ ಹೇಗಂತೆ?” ಎಂದೆ. ಒಳ್ಳೆಯ ಮಾತು ಕೇಳುವ ಚಪಲ, ಇನ್ನೇನು?

“ಘಟ್ಟದ್ ಮೇಲಿನವ್ರಂಬ್ರ್. ಒಳ್ಳೆ ಮನ್ಷ್ಯನೇ. ಆರೆ ಬಾಯಿ ಜಾಸ್ತಿ. ಬುದ್ಧಿ ಹೇಳುಕ್ ಸುರು ಮಾಡ್ರೆ ಮನಿಗ್ ಹೋಪು ಬಸ್ ತಪ್ಪತ್ತ್ ಅಂಬ್ರ್.” ಅಜ್ಜಿ ನನ್ನ ಕಿವಿಯ ಹತ್ತಿರ ಬಾಗಿದಳು. “ನಿಮ್ಗೊಂದ್ ಉಪಾಯ ಹೇಳ್ತೆ, ಕೇಣಿ. ಒಳಗ್ ಹೋದ್ ಕೂಡ್ಲೆ ಮರ್ಕ್ ಬಿಡಿ. ಅವ್ರಿಗೆ ಯಾರ್ ಮರ್ಕ್ರೂ ತಡ್ಕಂಬುಕಾತಿಲ್ಲೆ ಅಂಬ್ರ್. ನಾ ಅದಕೇ ತಯಾರಾಯ್ ಬಂದದ್.” ಮರ್ಕುವುದು ಅಂದರೆ ಅಳುವುದು. ಅಳಲು ತಯಾರಾಗಿ ಸೆರಗಿನ ತುದಿಯನ್ನು ಮಡಚಿ ಕೈಯಲ್ಲಿ ಇಟ್ಟುಕೊಂಡಿದ್ದಳು.

ಬಾಗಿಲು ತೆರೆಯಿತು. ನಾನು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ. ಅಜ್ಜಿಯನ್ನೂ ಮೊಮ್ಮಗನನ್ನೂ ಕರೆದರು. ಅಜ್ಜಿ ಸೆರಗನ್ನು ಕಣ್ಣಿಗೆ ಒತ್ತಿಕೊಂಡೇ, “ಸ್ವಾಮೀ...” ಎಂದು ರಾಗ ತೆಗೆಯುತ್ತ ಬಂದಳು. ಸೆರಗು ಸರಿಸಿ ನನ್ನನ್ನು ನೋಡಿದಳು. ರಾಗ ಅರ್ಧಕ್ಕೆ ನಿಂತಿತು. ನನ್ನ ಕಿವಿ ಬಿಸಿಯಾಯಿತು. ಮಕ್ಕಳ ಕೇಸಿಗೆಂದು ನನ್ನ ಪಕ್ಕದಲ್ಲಿ ಕೂರುವ ಮಂಡಳಿಯ ಇಬ್ಬರು ಸದಸ್ಯರಿಗೆ ಏನಾಗುತ್ತಿದೆಯೆಂದು ಗೊತ್ತಾಗಲಿಲ್ಲ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು, “ಅಲ್ಲ ಮಾರಾಯ್ರೆ, ಮೊದ್ಲೇ ಹೇಳುಕಾಗ್ದಾ?” ಅಂದಳು. ಒಂದು ಗಳಿಗೆ ಯೋಚಿಸಿ, ಬಹಳ ಗಂಭೀರವಾಗಿ ಕೇಳಿದಳು. “ಈಗ ನಾ ಮರ್ಕುದಾ, ಬ್ಯಾಡ್ದಾ?”

“ಬೇಡ ಅಜ್ಜಿ.”

“ಹಾಂಗಾರೆ ಬುದ್ಧಿ ಹೇಳುದ್ ಸಲ್ಪ ಬೇಗ ಮುಗ್ಸಿ. ಬಸ್ಸಿತ್ತ್.”

ಹುಡುಗನಿಗೆ ಎಚ್ಚರಿಕೆ ಕೊಟ್ಟು, ಪಕ್ಕದ ಮನೆಯವರ ಬೈಕನ್ನು ಕೆಲವು ವಾರ ತೊಳೆದು ಕೊಡಬೇಕೆಂದು ಹೇಳಿ ಬಿಟ್ಟೆವು. ಅವನು ಪರೀಕ್ಷೆ ಬರೆದ. ನನ್ನ ವೃತ್ತಿಯಲ್ಲೇ ಅತಿ ಚಿಕ್ಕ ಬುದ್ಧಿಮಾತು ಅವತ್ತಿನದು. ಅಜ್ಜಿ ಬಾಗಿಲಲ್ಲಿ ತಿರುಗಿ ನಿಂತು, “ನಿಮ್ ಹೈದನ್ನೂ ಬಿಡ್ತ್ರ್, ಹೆದ್ರ್‌ಬ್ಯಾಡಿ,” ಎಂದು ನನಗೇ ಧೈರ್ಯ ಹೇಳಿ ಹೋದಳು.

ಬೆನ್ನುನೋವು

ಬೈಂದೂರಿನ ಒಬ್ಬ ಹೆಂಗಸು, ಮುಂಬೈಯಲ್ಲಿ ಕ್ಯಾಂಟೀನ್ ನಡೆಸುವ ಗಂಡ ಮನೆಗೆ ಬರುವುದನ್ನೇ ಬಿಟ್ಟಿದ್ದಾನೆ, ಕರೆಸಿ ಮಾತಾಡಿಸಿ ಎಂದು ಅರ್ಜಿ ಹಾಕಿದ್ದಳು. ಪ್ರತಿ ತಾರೀಖಿಗೂ ಗಂಡನ ವಕೀಲರು ಒಬ್ಬರೇ ಬರುತ್ತಿದ್ದರು. ಅವನಿಗೆ ಘೋರ ಬೆನ್ನುನೋವಂತೆ. ಬಸ್ಸಿನಲ್ಲಿ ಕೂರಲಾಗದು, ರೈಲಿನಲ್ಲಿ ಮಲಗಲಾಗದು. “ಒಂದು ಲೋಟ ನೀರು ಎತ್ತಿ ಕುಡಿಯುವ ಸ್ಥಿತಿಯಲ್ಲೂ ನನ್ನ ಕಕ್ಷಿದಾರ ಇಲ್ಲ, ಸ್ವಾಮಿ,” ಎನ್ನುವಾಗ ವಕೀಲರ ಗಂಟಲೇ ಕಟ್ಟುತ್ತಿತ್ತು.

“ಸುಳ್ಳ್ ಸ್ವಾಮಿ,” ಎನ್ನುತ್ತಿದ್ದಳು ಹೆಂಡತಿ. ನಾನು ಅವಳನ್ನು ಗದರಿದೆ. ಕಾಯಿಲೆಯವರ ಬಗ್ಗೆ ಕರುಣೆ ಇರಬೇಕಮ್ಮ, ಅವರ ಜಾಗದಲ್ಲಿ ನಿಂತು ಯೋಚಿಸಬೇಕಮ್ಮ ಎಂದೆಲ್ಲ ಹೇಳಿದೆ. ಕೊನೆಗೆ ವಿಡಿಯೋದಲ್ಲಿ ವಿಚಾರಣೆ ಇಟ್ಟೆ.

ಗೋಡೆಯ ದೊಡ್ಡ ಪರದೆಯ ಮೇಲೆ ಗಂಡ ಮೂಡಿದ. ಕುತ್ತಿಗೆಗೆ ಪಟ್ಟಿ, ಸೊಂಟಕ್ಕೆ ಬೆಲ್ಟು, ಮುಖದ ತುಂಬ ಸಂಕಟ. ಹಿಂದೆ ಸ್ಟೀಲಿನ ಪಾತ್ರೆಗಳು, ಮೇಲೆ ತಿರುಗುವ ಫ್ಯಾನು. “ಎಲ್ಲಿದ್ದೀರಿ?” ಎಂದೆ.

“ಮನಿಕಂಡಲ್ಲೇ ಸ್ವಾಮಿ, ನಿಮ್ಗೋಸ್ಕರ ಈಗ ಎದ್ ನಿಂತದ್,” ಅಂದ. ನನಗೆ ಅಯ್ಯೋ ಅನ್ನಿಸಿತು.

ಅಷ್ಟರಲ್ಲಿ ಪರದೆಯ ಆಚೆಯಿಂದ ಯಾರೋ ಹಿಂದಿಯಲ್ಲಿ ಕೂಗಿದರು: ಗ್ಯಾಸ್ ಬಂದಿದೆ, ಬಾಗಿಲಲ್ಲೇ ಇದೆ, ದಾರಿ ಬಿಡಿಸಿ. ಇವನು “ಒಂದ್ನಿಮಿಷ ಸ್ವಾಮಿ” ಎಂದು ಪಕ್ಕಕ್ಕೆ ಸರಿದ. ಅಭ್ಯಾಸಬಲ ಅನ್ನುವುದು ದೊಡ್ಡದು. ಮರುಕ್ಷಣ ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಪರದೆಯ ಎಡದಿಂದ ಬಲಕ್ಕೆ ಹೊರಟವನು, ನಟ್ಟನಡುವೆ ಬಂದಾಗ ನಮ್ಮನ್ನು ನೋಡಿದ.

ಹಾಗೆಯೇ ನಿಂತುಬಿಟ್ಟ. ಒಂದು ಕಾಲು ಮುಂದೆ, ಬಾಯಿ ಅರ್ಧ ತೆರೆದಿದೆ, ಕಣ್ಣು ಮಿಟುಕಿಸುತ್ತಿಲ್ಲ, ಹೆಗಲ ಮೇಲೆ ಸಿಲಿಂಡರ್. ಗೊಂಬೆ.

“ಏನ್ರೀ ಇದು, ಸ್ಕ್ರೀನ್ ನಿಂತುಹೋಯ್ತಲ್ಲ,” ಎಂದು ನಾನು ಕಂಪ್ಯೂಟರ್ ನೋಡಿಕೊಳ್ಳುವವರ ಮೇಲೆ ರೇಗಿದೆ. “ಬೇಗ ಸರಿಮಾಡಿ. ಪಾಪ, ಅವರು ಎಷ್ಟು ಹೊತ್ತು ನಿಲ್ಲಬೇಕು? ಆಫ್ ಮಾಡಿ ಆನ್ ಮಾಡಿ!” ಅವರು ಒಂದು ವೈರು ಕಿತ್ತರು, ಇನ್ನೊಂದು ಚುಚ್ಚಿದರು. ಪರದೆಯಲ್ಲಿ ಗಂಡ ಹಾಗೇ ಇದ್ದ. ಆದರೆ ಅವನ ಹಣೆಯಿಂದ ಬೆವರಿನ ಹನಿ ಒಂದು ಮೆಲ್ಲಗೆ ಮೂಗಿನ ಮೇಲೆ ಇಳಿಯಿತು.

ಹೆಂಡತಿ ಎದ್ದು ನಿಂತಳು. “ಸ್ವಾಮಿ, ಫ್ಯಾನ್ ತಿರುಗ್ತಾ ಇತ್ತಲೆ!”

ಇಡೀ ಕೋರ್ಟು ಫ್ಯಾನು ನೋಡಿತು. ಫ್ಯಾನು ಸರಾಗವಾಗಿ ತಿರುಗುತ್ತಿತ್ತು. ಹಿಂದಿನಿಂದ ಒಬ್ಬ ಸಪ್ಲೈಯರ್ ತಟ್ಟೆ ಹಿಡಿದುಕೊಂಡು ಬಂದು, ಗೊಂಬೆಯಾಗಿ ನಿಂತ ಯಜಮಾನನನ್ನು ವಿಚಿತ್ರವಾಗಿ ನೋಡಿ, ಸುತ್ತು ಹಾಕಿಕೊಂಡು ಹೋದ. ಗಂಡನ ವಕೀಲರು ತಮ್ಮ ಕಡತದೊಳಗೆ ಮುಖ ಹುದುಗಿಸಿಕೊಂಡರು. ಕರುಣೆಯ ಪಾಠ ಹೇಳಿದ್ದ ನನಗೆ ಹುದುಗಿಸಿಕೊಳ್ಳಲು ಕಡತವೂ ಕೈಗೆ ಸಿಗಲಿಲ್ಲ.

“ಸಿಲಿಂಡರ್ ಕೆಳಗಿಡಪ್ಪ,” ಅಂದೆ ಸೋತ ದನಿಯಲ್ಲಿ.

ಅವನು ಮೆಲ್ಲಗೆ ಕೆಳಗಿಟ್ಟ. ಬೆನ್ನು ನೆಟ್ಟಗೆ ಮಾಡಿಕೊಂಡು, ಬೆವರು ಒರೆಸಿಕೊಂಡು ಹೇಳಿದ: “ಹಾಂ... ಈಗ ನೆಟ್‌ವರ್ಕ್ ಬಂತ್ ಸ್ವಾಮಿ.”

ಮುಂದಿನ ತಾರೀಖಿಗೆ ಅವನು ಖುದ್ದಾಗಿ ಬಂದ. ಹೆಂಡತಿ ತನ್ನ ದೊಡ್ಡ ಬ್ಯಾಗನ್ನು ಅವನ ಹೆಗಲಿಗೇ ಏರಿಸಿ ಮುಂಬೈಗೆ ಹೊರಟಳು.

ವಂದನಾರ್ಪಣೆ

ಇದು ಚಿಕ್ಕದು. ಹಳ್ಳಿಯೊಂದರಲ್ಲಿ ಕಾನೂನು ಅರಿವು ಕಾರ್ಯಕ್ರಮ. ಮಕ್ಕಳ ಹಕ್ಕುಗಳ ಬಗ್ಗೆ ನನ್ನ ಭಾಷಣ. ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಒಳ್ಳೆಯ ಕಂಠದವರು, ನನ್ನನ್ನು ಕಂಡರೆ ಬಹಳ ಗೌರವ. ಪರಿಚಯ ಮಾಡುತ್ತ ಗೌರವ ಉಕ್ಕಿಹರಿದು ಹೇಳಿದರು: “ಇಂದಿನ ಅತಿಥಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮ ಮೂರೂ ತಾಲೂಕುಗಳಲ್ಲಿ ಅಸಂಖ್ಯಾತ ಸಂಸಾರಗಳನ್ನು ಮುರಿದು ಮನೆಮಾತಾದವರು.” ಎದುರು ಕೂತ ಹೆಂಗಸರು ನನ್ನನ್ನು ನೋಡಿ, ಪಕ್ಕದಲ್ಲಿದ್ದ ತಮ್ಮ ಗಂಡಂದಿರ ತೋಳು ಹಿಡಿದುಕೊಂಡರು. ನಾನು ಏನೇನೋ ಮಾತಾಡಿ ಕೂತೆ.

ಕೊನೆಗೆ ವಂದನಾರ್ಪಣೆಗೂ ಅದೇ ಮೇಷ್ಟ್ರು. “ಇವರ ಈ ಸೇವೆ ನಮ್ಮೂರಿನ ಪ್ರತಿಯೊಂದು ಮನೆಗೂ ಆದಷ್ಟು ಬೇಗ ದೊರೆಯಲಿ!”

ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಸೇಸೆ

ಕುಂಭಾಶಿಯ ಒಂದು ಛತ್ರದಲ್ಲಿ ನಮ್ಮ ಪಕ್ಕದ ಮನೆಯ ಡಾಕ್ಟರರ ತಂಗಿಯ ಮಗಳ ಮದುವೆ. ಸಂಸಾರದ ಕೇಸು ನೋಡುವ ನ್ಯಾಯಾಧೀಶನಿಗೆ ಮದುವೆಮನೆಯಲ್ಲಿ ಎಂಥ ಸ್ವಾಗತ ಅಂತ ಅನುಭವಿಸಿದವರಿಗೇ ಗೊತ್ತು. ನಾನೂ ನನ್ನ ಹೆಂಡತಿಯೂ ಒಳಗೆ ಕಾಲಿಟ್ಟ ಕೂಡಲೆ, “ಡೈವೋರ್ಸ್ ಜಡ್ಜ್ ಬಂದ್ರ್” ಎಂಬ ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ಒಬ್ಬ ಹಿರಿಯರು ಪ್ರೀತಿಯಿಂದಲೇ ನಮ್ಮನ್ನು ಕಂಬದ ಹಿಂದೆ ಕೂರಿಸಿದರು. “ಇಲ್ಲಿ ಗಾಳಿ ಲಾಯ್ಕ್ ಬತ್ತ್,” ಅಂದರು. ಗಾಳಿ ಬರುತ್ತಿರಲಿಲ್ಲ. ಮಂಟಪವೂ ಕಾಣುತ್ತಿರಲಿಲ್ಲ.

ಸೇಸೆ ಹಾಕುವ ಹೊತ್ತು ಬಂತು. ಮದುಮಕ್ಕಳ ತಲೆಗೆ ಅಕ್ಕಿ ಹಾಕಿ ಹರಸುವುದಕ್ಕೆ ಅಲ್ಲಿ ಸೇಸೆ ಅನ್ನುತ್ತಾರೆ. ನಾನು ಮೆಟ್ಟಿಲು ಹತ್ತಿ ಅಕ್ಕಿ ಹಿಡಿದದ್ದೇ ತಡ, ಮದುಮಗ ತಲೆಯೆತ್ತಿದ. ಅವನ ಮುಖ ಅರಳಿತು. ನನ್ನ ಮುಖ ಬಾಡಿತು. ಹಿಂದಿನ ವರ್ಷ ಅವನ ಮೊದಲ ಮದುವೆಯ ವಿಚ್ಛೇದನದ ತೀರ್ಪು ಬರೆದವನು ನಾನೇ. ಹುಡುಗಿಯ ಕಡೆಯವರಿಗೆ ಆ ವಿಷಯವೆಲ್ಲ ಗೊತ್ತಿತ್ತು, ಅದರಲ್ಲಿ ಮುಚ್ಚುಮರೆ ಇರಲಿಲ್ಲ. ಆದರೆ ಗೊತ್ತಿರುವುದು ಬೇರೆ, ಮಂಟಪದಲ್ಲಿ ಸಾರುವುದು ಬೇರೆ.

ನಾನು ಕಣ್ಣಲ್ಲೇ ಬೇಡಿಕೊಂಡೆ. ಪ್ರಯೋಜನವಾಗಲಿಲ್ಲ. ಅವನು ನನ್ನ ಎರಡೂ ಕೈ ಹಿಡಿದುಕೊಂಡ. ಅದೇ ಗಳಿಗೆಗೆ ವಾಲಗದವರು ದಣಿವಾರಿಸಿಕೊಳ್ಳಲು ನಿಲ್ಲಿಸಿದರು. ನಿಶ್ಶಬ್ದವಾದ ಆ ಇಡೀ ಛತ್ರಕ್ಕೆ ಕೇಳುವಂತೆ ಅವನು ಮದುಮಗಳಿಗೆ ಹೇಳಿದ: “ಇವ್ರೇ ಕಾಣ್! ಇವ್ರ್ ಇಲ್ದಿರೆ ನಮ್ ಮದಿ ಆತೇ ಇದ್ದಿಲ್ಲೆ! ಎಷ್ಟ್ ಚೆಂದ ಮಾಡಿ ಬಿಡ್ಸಿ ಕೊಟ್ರ್ ಅಂಬೆ!”

ಅಷ್ಟಕ್ಕೇ ಮುಗಿಯಲಿಲ್ಲ. ಫೋಟೋದವನನ್ನು ಕರೆದು, ನನ್ನನ್ನು ಗಂಡು ಹೆಣ್ಣಿನ ನಡುವೆ ನಿಲ್ಲಿಸಿ ಫೋಟೋ ತೆಗೆಸಿದ. ಮದುವೆ ಫೋಟೋದಲ್ಲಿ ಅವರಿಬ್ಬರ ನಡುವೆ ನಾನು! ನನ್ನ ಹೆಂಡತಿ ಕಂಬದ ಹಿಂದಿನಿಂದ ನೋಡಿ ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ಹುಡುಗಿಯ ತಾಯಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ತಪ್ಪಿಸಿಕೊಂಡು ಮೆಟ್ಟಿಲು ಇಳಿಯುವಾಗ ಮದುಮಗಳು ಮೆಲ್ಲಗೆ ಕರೆದಳು. “ಸಾರ್, ನೀವು ಇನ್ನೂ ಇದೇ ಊರಲ್ಲೇ ಇರ್ತೀರಲ್ದಾ?”

“ಯಾಕಮ್ಮ?”

ಅವಳು ಗಂಡನನ್ನು ಓರೆಗಣ್ಣಿಂದ ನೋಡಿ ನಕ್ಕಳು. “ಎಂತದೂ ಇಲ್ಲ. ಗೊತ್ತಿದ್ರೆ ಒಳ್ಳೇದಲ್ದಾ ಅಂತ ಕೇಳಿದ್ದು.”

ಗುಟ್ಟು

ಬ್ರಹ್ಮಾವರದ ಒಂದು ದಂಪತಿ. ತಾಯಿ ಶಾಲಾ ಟೀಚರ್, ತಂದೆಗೆ ವಿದ್ಯುತ್ ಸಾಮಾನುಗಳ ಅಂಗಡಿ. ಬೇರೆಯಾಗುವುದು ಇಬ್ಬರಿಗೂ ಒಪ್ಪಿಗೆ. ಒಪ್ಪಿಗೆ ಇಲ್ಲದ್ದು ಒಂದೇ: ಒಂದನೇ ಕ್ಲಾಸಿನ ಮಗಳು ಯಾರ ಹತ್ತಿರ ಇರಬೇಕು ಎಂಬುದು. ಅದಕ್ಕಾಗಿ ಕೋರ್ಟಿನಲ್ಲಿ ಅವರು ಒಬ್ಬರ ಮೇಲೊಬ್ಬರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೇಳುತ್ತ ಕೂತ ನಮಗೇ ನಾಚಿಕೆಯಾಗುತ್ತಿತ್ತು.

ಇಂಥ ಕೇಸಿನಲ್ಲಿ ಮಗುವನ್ನು ನ್ಯಾಯಾಧೀಶ ತನ್ನ ಕೋಣೆಗೆ ಕರೆದು ಒಬ್ಬಳನ್ನೇ ಮಾತಾಡಿಸುವ ಪದ್ಧತಿ ಉಂಟು. ಕರೆದೆ. ಎರಡು ಜಡೆ, ಮುಂದಿನ ಹಲ್ಲು ಬಿದ್ದ ಬಾಯಿ. ಚಾಕಲೇಟು ಕೊಟ್ಟೆ, ತಿಂದಳು. ಬಣ್ಣದ ಪೆನ್ಸಿಲು ಕೊಟ್ಟೆ, ಗೀಚಿದಳು. “ಯಾರ ಜೊತೆ ಇರೋಕೆ ಇಷ್ಟ ಪುಟ್ಟಿ?” ಅಂದರೆ ಇನ್ನೊಂದು ಪೆನ್ಸಿಲು ಆರಿಸಿಕೊಂಡಳು. ಮತ್ತೆ ಮತ್ತೆ ಕೇಳಿದ್ದಕ್ಕೆ, “ನಾ ಹೇಳುದಿಲ್ಲ. ಹೇಳ್ರೆ ನೀವ್ ಎಲ್ಲರಿಗೂ ಹೇಳ್ತ್ರಿ,” ಅಂದಳು.

“ಹೇಳಲ್ಲ. ನಿನ್ನ ಗುಟ್ಟು ನೀನು ಹೇಳು, ನನ್ನ ಗುಟ್ಟು ನಾನು ಹೇಳ್ತೀನಿ. ಯಾರಿಗೂ ಹೇಳಬಾರದು. ಆಯ್ತಾ?”

“ಮೊದ್ಲ್ ನೀವ್ ಹೇಳಿ.”

ನನ್ನ ಹತ್ತಿರ ಅವತ್ತು ನಿಜವಾಗಿಯೂ ಒಂದು ಬಿಸಿ ಗುಟ್ಟಿತ್ತು. ಆ ವಾರ ನನ್ನ ಹೆಂಡತಿಯ ಅಣ್ಣ ಮನೆಗೆ ಬಂದಿದ್ದರು. ಅವರು ತಮ್ಮ ಸೈಟಿನ ತಕರಾರಿನ ಕಥೆಯನ್ನು ಬಹಳ ಹೊತ್ತಿನಿಂದ ಹೇಳುತ್ತಿದ್ದಾಗ ನಾನು ಅರೆನಿದ್ದೆಯಲ್ಲಿ, “ಸಾಕು, ಉಳಿದದ್ದು ಮುಂದಿನ ತಾರೀಖಿಗೆ,” ಅಂದುಬಿಟ್ಟಿದ್ದೆ. ಅವರು ಚಹಾ ಕೂಡ ಮುಗಿಸದೆ ಎದ್ದು ಹೋದರು. ಅವತ್ತಿನಿಂದ ಹೆಂಡತಿ ನನ್ನ ಜೊತೆ 'ಟೂ' ಬಿಟ್ಟಿದ್ದಳು. ಮಗುವಿಗೆ ಇದನ್ನೆಲ್ಲ ಹೇಳಿದೆ.

ಹುಡುಗಿಗೆ ಕುತೂಹಲ ಕೆರಳಿತು. ಕುರ್ಚಿ ಹತ್ತಿರ ಎಳೆದುಕೊಂಡಳು. “ಮಾತೇ ಆಡುದಿಲ್ಯಾ?”

“ಇಲ್ಲ.”

“ಊಟ ಹಾಕ್ತ್ರಾ?”

“ಮೇಜಿನ ಮೇಲೆ ಇಟ್ಟು ಹೋಗ್ತಾಳೆ.”

“ರಾತ್ರಿ ಎಲ್ಲಿ ಮನಿಕಂತ್ರಿ?”

“ಹಾಲಿನ ಸೋಫಾ ಮೇಲೆ.”

“ನಮ್ ಅಪ್ಪ ಚಾಪಿ ಮೇಲೆ ಮನಿಕಂತಿದ್ರ್,” ಅಂದಳು ಮಗು. ಒಂದು ಗಳಿಗೆ ಪೆನ್ಸಿಲಿನ ತುದಿ ಕಚ್ಚಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ತನ್ನ ಗುಟ್ಟು ಹೇಳಿದಳು. “ನಂಗೆ ಇಬ್ರೂ ಬೇಕ್. ಆರೆ ಅಮ್ಮನ ಹೆಸ್ರ್ ಹೇಳ್ರೆ ಅಪ್ಪ ಮರ್ಕ್ತ್ರ್, ಅಪ್ಪನ ಹೆಸ್ರ್ ಹೇಳ್ರೆ ಅಮ್ಮ ಮರ್ಕ್ತ್ರ್. ಅದಕೆ ನಾ ಯಾರ್ ಹೆಸ್ರೂ ಹೇಳುದಿಲ್ಲ.”

ನಾನು ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ಆ ಕ್ಷಣವೇ ಸಾಕಾಯಿತು. ನನ್ನ ಕೋಣೆಗೆ ಎರಡು ಬಾಗಿಲು. ಒಂದು ಹೊರಗೆ, ಇನ್ನೊಂದು ನೇರವಾಗಿ ಪೀಠಕ್ಕೆ. ಮಗು ಎರಡನೆಯದನ್ನು ತೆರೆದುಕೊಂಡು ಹೋಗಿತ್ತು. ನಾನು ಹಿಂದೆ ಓಡುವಷ್ಟರಲ್ಲಿ ಅವಳು ನನ್ನ ದೊಡ್ಡ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ಎದುರಿಗೆ ಮೈಕು. ಎದುರಿಗೆ ತುಂಬಿದ ಕೋರ್ಟು.

“ಅಮ್ಮಾ! ಅಪ್ಪಾ!” ಮೈಕಿನಲ್ಲಿ ಗೋಡೆಗಳು ಅದುರಿದವು. “ಜಡ್ಜ್ ಮಾಮನ ಮನೆಯಗೂ ಜಗ್ಳ ಅಂಬ್ರ್! ಅವ್ರ್ ಹೆಂಡ್ತಿ ಅವ್ರೊಟ್ಟಿಗೆ ಮಾತಾಡುದಿಲ್ಲ ಅಂಬ್ರ್! ಮಾಮ ಪಾಪ ಹೊರಗ್ ಚಾಪಿ ಮೇಲೆ ಮನಿಕಂಬುದ್ ಅಂಬ್ರ್!” ಒಂದು ಕ್ಷಣ ನಿಲ್ಲಿಸಿ, ಬೆರಳನ್ನು ತುಟಿಯ ಮೇಲಿಟ್ಟು ಎಲ್ಲರಿಗೂ ಎಚ್ಚರಿಕೆ ಕೊಟ್ಟಳು. “ಯಾರ್ ಹತ್ರವೂ ಹೇಳುಕಾಗ ಅಂಬ್ರ್!”

ನಾನು ಬಾಗಿಲಲ್ಲಿ ನಿಂತಿದ್ದೆ. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗಲು ಕಾಲು ಬರುತ್ತಿಲ್ಲ. ವಕೀಲರೆಲ್ಲ ಒಟ್ಟಿಗೆ ಕೆಮ್ಮಲು ಶುರು ಮಾಡಿದರು. ಟೈಪಿಸ್ಟ್ ಬೆರಳನ್ನು ಕೀಲಿಗಳ ಮೇಲಿಟ್ಟು, ಬರೆಯಬೇಕೋ ಬೇಡವೋ ಎಂಬಂತೆ ನನ್ನ ಕಡೆ ನೋಡಿದರು. ಮೊದಲು ನಕ್ಕವನು ಮಗುವಿನ ಅಪ್ಪ. ಅವನನ್ನು ನೋಡಿ ಅಮ್ಮನೂ ನಕ್ಕಳು. ನಗುತ್ತ ನಗುತ್ತ ಇಬ್ಬರ ಕಣ್ಣಲ್ಲೂ ನೀರು ಬಂತು. ಅಷ್ಟು ತಿಂಗಳಲ್ಲಿ ಅವರು ಒಬ್ಬರ ಮುಖ ಒಬ್ಬರು ನೋಡಿದ್ದು ಅದೇ ಮೊದಲು.

ಅವರನ್ನು ಒಳಗೆ ಕರೆದು, ಮಗುವಿಗೆ ಕೊಟ್ಟ ಮಾತು ತಪ್ಪದ ಹಾಗೆ, ನಿಮ್ಮ ಮಗಳು ಯಾರ ಹೆಸರನ್ನೂ ಹೇಳಲಿಲ್ಲ ಎಂದಷ್ಟೇ ತಿಳಿಸಿದೆ. ಉಳಿದದ್ದು ಅವರಿಗೇ ಅರ್ಥವಾಯಿತು. ಅವರು ಮತ್ತೆ ಒಂದಾಗಲಿಲ್ಲ. ಎಲ್ಲ ಕಥೆಗಳೂ ಹಾಗೆ ಮುಗಿಯುವುದಿಲ್ಲ. ಆದರೆ ಮಗು ಶಾಲೆಯಿರುವಾಗ ಅಮ್ಮನ ಹತ್ತಿರ, ರಜೆಯಲ್ಲಿ ಅಪ್ಪನ ಹತ್ತಿರ, ಹುಟ್ಟುಹಬ್ಬಕ್ಕೆ ಇಬ್ಬರೂ ಒಟ್ಟಿಗೆ ಎಂದು ಅಂದೇ ಒಪ್ಪಿ ಸಹಿ ಹಾಕಿದರು.

ಸಂಜೆ ನಾನು ತಲೆ ತಗ್ಗಿಸಿಕೊಂಡು ಮನೆಗೆ ಹೋದೆ. ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಹೂ ಮಾರುವವಳು ಬಂದು, ದುಡ್ಡು ಬೇಡವೆಂದು ಒಂದು ಮೊಳ ಮಲ್ಲಿಗೆ ಕೊಟ್ಟು, “ಅಮ್ಮ, ಸಾಕ್ ಬಿಡಿ, ಗಂಡಸ್ರಲ್ದಾ, ಕ್ಷಮ್ಸಿ,” ಎಂದು ಹೇಳಿ ಹೋಗಿದ್ದಳಂತೆ. ಹೆಂಡತಿ ಬಾಗಿಲಲ್ಲೇ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ.

ಅಷ್ಟು ದಿನಗಳ ಮೌನ ಮುರಿದು ಅವಳು ಬಾಯಿ ತೆರೆದಳು.

“ಅಲ್ಲಾ ರೀ, ಕೋರ್ಟಿನಲ್ಲಿ ನಿಂತು ಚಾಪೆ ಅಂತ ಸುಳ್ಳು ಹೇಳಿಸ್ತೀರಾ? ಅಷ್ಟು ಒಳ್ಳೇ ಸೋಫಾ ಕೊಟ್ಟಿದ್ದೀನಿ!”